ದೋಷಕ್ಕೆ ಕಾರಣ

ಕುಂಕುಮ ಫ್ಯಾನಿನ ರೆಕ್ಕೆಗಳಿಗೆಲ್ಲ ಮೆತ್ತಿಕೊಂಡಿತ್ತು. ಅಮೋಲ ಬಗ್ಗಿ ಬಾಯಿಂದ ಊದಿದ. ಅರ್ಧ ಅವನ ಕಣ್ಣಿಗೇ ಬಂತು. ಕಣ್ಣುಜ್ಜುತ್ತ ಕಂಪ್ಯೂಟರಿನ ಡಬ್ಬಿಯೊಳಗಿಂದ ಚೆಂಡು ಹೂವಿನ ಎಸಳು, ನಾಲ್ಕು ಅಕ್ಕಿಕಾಳು ಹೆಕ್ಕಿ ತೆಗೆದ. ತೇರದಾಳದ ಈ ನೀರು ಬಳಕೆದಾರರ ಸಂಘದವರು ಖಂಡೆ ಪೂಜೆಯ ದಿನ ತೋರಿಸಿದ ಭಕ್ತಿ ಸಣ್ಣದಲ್ಲ. ಟ್ರ್ಯಾಕ್ಟರಿಗೆ, ಕುಡುಗೋಲಿಗೆ ನೀರು ಚಿಮುಕಿಸಿ ಪೂಜೆ ಮಾಡುವ ಜನ; ಕಂಪ್ಯೂಟರು ಮಾತ್ರ ಏನು ಪಾಪ ಮಾಡಿತ್ತು?

ದಸರೆಯ ಮರುದಿನವೆಂದರೆ ಅಮೋಲನಿಗೆ ವರ್ಷದಲ್ಲೇ ಕೆಟ್ಟ ದಿನ. ಜಮಖಂಡಿಯ ಗಿರಿಮಲ್ಲಪ್ಪನ ಏಜೆನ್ಸಿಯಲ್ಲಿ ಕಂಪ್ಯೂಟರ್ ರಿಪೇರಿಗೆ ಮೊದಲು ಮೂವರಿದ್ದರು. ಇಬ್ಬರು ಬಿಟ್ಟುಹೋದ ಮೇಲೆ ಜಮಖಂಡಿ, ಮುಧೋಳ, ಬೀಳಗಿ ಮೂರೂ ತಾಲ್ಲೂಕಿನ ಕಚೇರಿಗಳು ಇವನೊಬ್ಬನ ಕೊರಳಿಗೆ ಬಿದ್ದಿದ್ದವು. ಎರಡು ವರ್ಷದಿಂದ ರವಿವಾರವೆಂಬುದಿಲ್ಲ. ಉಣ್ಣುವಾಗ ಫೋನು, ಬೈಕಿನ ಮೇಲೆ ಫೋನು. ನಿದ್ದೆಯಲ್ಲಿ 'ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ' ಎಂದು ಬಡಬಡಿಸುತ್ತಾನೆಂದು ಹೆಂಡತಿ ಮನೀಷಾ ಮೊದಮೊದಲು ನಗುತ್ತಿದ್ದಳು. ಈಗ ನಗುವುದಿಲ್ಲ. ನಿನ್ನೆ ಸಂಜೆ ಬನ್ನಿ ಕೊಡಲು ಅವಳು ಎದುರು ನಿಂತಾಗ ಇವನು ಫೋನು ಕಿವಿಗಿಟ್ಟುಕೊಂಡೇ ಇನ್ನೊಂದು ಕೈ ಚಾಚಿದ್ದ. ಅವಳು ಎಲೆಗಳನ್ನು ಟೇಬಲ್ ಮೇಲಿಟ್ಟು ಒಳಗೆ ಹೋಗಿದ್ದಳು.

ಒರೆಸಿ ಜೋಡಿಸಿದ ಮೇಲೆ ಯಂತ್ರವೇನೋ ಚಾಲೂ ಆಯಿತು, ವಿಂಡೋಸ್ ಮಾತ್ರ ಏಳಲಿಲ್ಲ. ಹೊಸದಾಗಿ ಹಾಕಬೇಕು. ಹಾಕುವ ಮೊದಲು ಒಳಗಿರುವುದನ್ನೆಲ್ಲ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಬೇಕು. ಈ ಕೆಲಸದ ಮೊದಲ ಪಾಠವೇ ಅದು. ನಕಲಿಗೆ ದಾರಿ ಸಿಗಲೆಂದು ಅವನು ವಿಂಡೋಸ್ ಸಿಡಿ ಹಾಕಿದ. ಎಲ್ಲವನ್ನೂ ಅಳಿಸಲೇ ಎಂದು ಪರದೆ ಕೇಳಿತು. ಬೇಡವೆಂದು ಹಿಂದಕ್ಕೆ ಬರಬೇಕೆನ್ನುವಷ್ಟರಲ್ಲಿ ಬೀಳಗಿಯಿಂದ ಫೋನು ಬಂತು.

"ಪರದೆ ಮ್ಯಾಲ ಏನ ಬಂದೈತ್ರೀ?" ಅಮೋಲ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಕೇಳಿದ.

"ಏನೋ ಇಂಗ್ಲಿಷಿನಾಗ ಕೇಳಾಕತ್ತೈತಿ" ಎಂದಿತು ಆ ಕಡೆಯ ದನಿ.

"ಎಂಟರ್ ಒತ್ರಿ."

"ಯಾವುದರೀ ಅದು?"

"ಬಲಗಡೆ ದೊಡ್ಡ ಗುಂಡಿ ಐತಲ್ರೀ. ಎಂಟರ್ ಒತ್ರಿ" ಎಂದ ಅಮೋಲ, ತಾನೂ ಒತ್ತಿದ.

ಬೀಳಗಿಯವನು ಆತು ಎಂದು ಫೋನಿಟ್ಟ. ಇಲ್ಲಿಯೂ ಆಗಿಹೋಗಿತ್ತು. ನಾಲ್ಕುನೂರ ಹನ್ನೆರಡು ರೈತರ ಹೆಸರು, ಯಾರಿಗೆ ಎಷ್ಟು ಎಕರೆ, ಯಾರ ಹೊಲಕ್ಕೆ ಯಾವ ದಿನ ಕಾಲುವೆ ನೀರಿನ ಪಾಳಿ, ಎಲ್ಲವೂ ಹೋಗಿತ್ತು. ನಕಲಿಗೆಂದು ತಂದ ಪೆನ್ ಡ್ರೈವ್ ಚೀಲದಿಂದ ಹೊರಗೇ ಬಂದಿರಲಿಲ್ಲ. ಅಮೋಲ ತನ್ನ ಬೆರಳನ್ನೇ ನೋಡುತ್ತ ಕುಳಿತ.

ಸಂಘದ ಕಾರ್ಯದರ್ಶಿ ಪಾಯಪ್ಪ ಒಳಗೆ ಬಂದ. "ಆತೇನೋ?"

"ಒಳಗಿಂದೆಲ್ಲ ಹೋಗೈತ್ರಿ."

ಪಾಯಪ್ಪನ ಮುಖ ಬಿಳುಪೇರಿತು. ಆಮೇಲೆ ಅವನು ಬಾಗಿಲ ಕಡೆ ತಿರುಗಿದ. ಅಲ್ಲಿ ಕಸಬರಿಗೆ ಹಿಡಿದು ಸಾತವ್ವ ನಿಂತಿದ್ದಳು. ಹನ್ನೊಂದು ವರ್ಷದಿಂದ ಈ ಕಚೇರಿಯ ಕಸ ಹೊಡೆಯುವಾಕೆ.

"ನೀರ ಹಾಕಬ್ಯಾಡ ಅಂತ ಬಡಕೊಂಡೆ. ಕೇಳಿದಿಯೇನ?"

"ಹೂವಿಲೆ ಎರಡ ಹನಿ ಹೊಡದೇನ್ರಿ ಯಪ್ಪಾ."

"ಸೋಮವಾರ ಕಾಲುವಿಗೆ ನೀರ ಬಿಡ್ತಾರ. ಪಾಳಿ ಯಾರದು ಅಂತ ಮಂದಿ ಹೊಡದಾಡಿದ್ರ ನೀ ಬಂದ ಬಿಡಸ್ತಿಯೇನ? ಸಾಕು. ನಾಳಿಂದ ಬರಬ್ಯಾಡ."

ಪೂಜೆಗೆ ಕಾಯಿ ಒಡೆದದ್ದು ಇದೇ ಪಾಯಪ್ಪನೆಂಬುದು ಆಗ ಯಾರಿಗೂ ನೆನಪಾಗಲಿಲ್ಲ. ಸಾತವ್ವ ಅಮೋಲನನ್ನು ಕೇಳಿದಳು, "ಖರೇನ ನನ್ನಿಂದ ಆತೇನ ತಮ್ಮಾ?"

ಅಮೋಲ ಬಾಯಿ ತೆರೆದ. ಫೋನು ಬಡಿದುಕೊಂಡಿತು. ಗಿರಿಮಲ್ಲಪ್ಪ. ಅಮೋಲ ಪಡಸಾಲೆಗೆ ಹೋಗಿ ನಡೆದದ್ದನ್ನು ಇದ್ದದ್ದು ಇದ್ದಂತೆ ಹೇಳಿದ.

"ಕುಂಕುಮದ ಫೋಟೋ ತಗದಿಯೇನ?" ಗಿರಿಮಲ್ಲಪ್ಪ ಕೇಳಿದ. "ಛಲೋ ಆತು. ಫಾರ್ಮಿನ್ಯಾಗ 'ದೋಷಕ್ಕೆ ಕಾರಣ' ಅಂತ ಜಾಗ ಐತಲ್ಲ, ಅಲ್ಲಿ ನೀರು ಅಂತ ಬರಿ. ನಮ್ಮ ಮ್ಯಾಲ ಬಂತಂದ್ರ ಮೊದಲ ನೀ ಮನಿಗೆ ಹೋಗ್ತಿ. ಬರದು ಸಹಿ ತಗೊಂಡು ಮುಧೋಳಕ್ಕ ನಡಿ, ಅಲ್ಲಿ ಆರು ಕಡಿಯಿಂದ ಫೋನ್ ಬಂದಾವ."

ಅಮೋಲ ಒಳಗೆ ಬಂದು ಫಾರ್ಮು ತೆಗೆದ. 'ನೀ' ಎಂದು ಬರೆದ. ಪೆನ್ನು ಅಲ್ಲೇ ನಿಂತಿತು.

"ತಮ್ಮಾ."

ಸಾತವ್ವ ಹೊಸ್ತಿಲಾಚೆಯಿಂದಲೇ ಕೈ ಚಾಚಿದ್ದಳು. ಅಂಗೈಯಲ್ಲಿ ಬಾಡತೊಡಗಿದ ಬನ್ನಿ ಎಲೆಗಳು. "ನಿನ್ನಿ ನೀ ಸಿಗಲಿಲ್ಲ. ತಗೋಪಾ, ಬಂಗಾರದಂಗ ಇರೂಣು. ನಾ ಒಳಗ ಬರಂಗಿಲ್ಲ, ಮತ್ತೇನರ ಆದೀತು." ಅವನ ಮುಖ ನೋಡಿ ಸೇರಿಸಿದಳು, "ಭಾಳ ಸೊರಗೀಯಲ್ಲೋ. ಉಂಡಿಯಿಲ್ಲೋ?"

ದಿನಕ್ಕೆ ಐವತ್ತು ಜನ ಅವನನ್ನು ಏನೇನೋ ಕೇಳುತ್ತಿದ್ದರು. ಇದನ್ನು ಕೇಳಿದವರಿರಲಿಲ್ಲ. ಇಷ್ಟು ದಿನ ಯಾವುದಕ್ಕೂ ಬಾರದ ನಾಚಿಕೆ ಈಗ ಮೈತುಂಬ ಬಂತು.

ಅವನು 'ನೀ' ಹೊಡೆದುಹಾಕಿ ಬರೆದ: ನಕಲು ತೆಗೆಯದೆ ನಾನೇ ಅಳಿಸಿದೆ. ಕೆಳಗೆ ಹೆಸರು ಬರೆದು ಪಾಯಪ್ಪನ ಮುಂದಿಟ್ಟ.

ಪಾಯಪ್ಪ ಎರಡು ಸಲ ಓದಿದ. "ಇದನ್ನ ಕೊಟ್ರ ನಿನ್ನ ನೌಕರಿ ಉಳಿತೈತೇನ?"

"ಇಲ್ರಿ."

"ಮತ್ತ?"

"ಆಕಿ ಹೊಡದ ನೀರು ಆಗಳೇ ಆರಿ ಹೋಗಿತ್ರಿ."

ಪಾಯಪ್ಪ ಫಾರ್ಮು ಹತ್ತಿರಕ್ಕೆ ಎಳೆದುಕೊಂಡ. ಸಹಿ ಮಾಡುವಾಗಲೂ ಹುಬ್ಬು ಗಂಟಿಕ್ಕಿಕೊಂಡೇ ಇದ್ದ. ಆಮೇಲೆ ಎದ್ದು ಕಪಾಟಿನಿಂದ ಧೂಳು ಹಿಡಿದ ರಜಿಸ್ಟರ್ ತಂದು ಟೇಬಲ್ ಮೇಲೆ ಹಾಕಿದ. "ಮೂರು ವರ್ಷದ ಹಿಂದಿನ ಪಾಳಿ. ನನ್ನ ಕೈಬರಹ. ಆಮ್ಯಾಲಿಂದು ಮನಿಮನಿಗೆ ಹೋಗಿ ಕೇಳಬೇಕು."

"ವಿಂಡೋಸ್ ಹಾಕಿ ಇದನ್ನಷ್ಟು ನಾ ಟೈಪ್ ಮಾಡತೇನ್ರಿ."

"ಮುಧೋಳಕ್ಕ ಹೋಗಂಗಿಲ್ಲೇನ?"

ಉತ್ತರ ಕೊಡುವ ಮೊದಲೇ ಫೋನು ಮತ್ತೆ ಬಡಿದುಕೊಂಡಿತು. ಅಮೋಲ ಅದನ್ನು ತಿರುಗಿಸಿ ನೋಡಿ ಬಂದ್ ಮಾಡಿದ. ಚಾಲೂ ಮಾಡಲಿಲ್ಲ.

"ಒಳಗ ಬಾರವ್ವಾ" ಎಂದು ಅವನು ಸಾತವ್ವನನ್ನು ಕರೆದ.

ಅವಳು ಪಾಯಪ್ಪನ ಮುಖ ನೋಡಿದಳು. ಅವನು ರಜಿಸ್ಟರಿನ ಧೂಳು ಒರೆಸುತ್ತಿದ್ದ, ಬೇಡವೆನ್ನಲಿಲ್ಲ. ಅವಳು ಕಸಬರಿಗೆ ಗೋಡೆಗೆ ಆನಿಸಿ ಒಳಗೆ ಬಂದು ಬನ್ನಿ ಕೊಟ್ಟಳು. ಅಮೋಲ ಎರಡೂ ಕೈಯಿಂದ ತೆಗೆದುಕೊಂಡು ಅವಳ ಕಾಲು ಮುಟ್ಟಿದ.

ಅವಳ ಅಂಗೈಯಲ್ಲಿ ಇನ್ನೂ ಎರಡು ಎಲೆ ಉಳಿದಿದ್ದವು. ಸಾತವ್ವ ಇನ್ನೊಂದು ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಒಣಗಿದೆಯೋ ಇಲ್ಲವೋ ಎಂದು ನೋಡಿ ಮತ್ತೊಮ್ಮೆ ಒರೆಸಿಕೊಂಡಳು. ಆಮೇಲೆ ಆ ಎಲೆಗಳನ್ನು ಕಂಪ್ಯೂಟರಿನ ಡಬ್ಬಿಯ ಮೇಲೆ, ಗಾಳಿಯಾಡುವ ತೂತುಗಳಿಂದ ಆದಷ್ಟು ದೂರಕ್ಕೆ, ಮೆಲ್ಲಗೆ ಇಟ್ಟಳು.