ಹಾಲುವಾಣದ ಹಾಡು ಯಾರದ್ದು

ಹಿತ್ತಲ ಹಾಡು ಹಿಟ್ಟಾಗದು ಎಂದು ಗಾದೆ. ನೀವು ಕೇಳಿದ್ದು ಬೇರೆ ಇರಬಹುದು. ಅದು ತಿದ್ದುಪಡಿಗೆ ಮುಂಚಿನದು. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಇಲ್ಲಿ ಗಾದೆಯೇ ಸುಳ್ಳಾಯಿತು, ಕತೆ ಮಾತ್ರ ನಿಜ.

ಕರಿಕೆಯ ಸರೋಜಕ್ಕ ಮೂವತ್ತು ವರ್ಷಗಳಿಂದ ಮದುವೆ ಮನೆಗಳಲ್ಲಿ ಸೋಬಾನೆ ಹಾಡುತ್ತ ಬಂದವರು. ಹಾಡುವುದು ಹೆಂಗಸರ ಒಂದು ಮೇಳ, ಹಾಡು ಕಟ್ಟುವುದು ಅವರೊಬ್ಬರೇ. ಕಟ್ಟಿದ ಹಾಡು ಊರಿಂದೂರಿಗೆ ಎಷ್ಟು ಚೆನ್ನಾಗಿ ಹಬ್ಬಿತೆಂದರೆ, ಕಟ್ಟಿದವರು ಯಾರೆಂಬುದೇ ಜನಕ್ಕೆ ಮರೆತುಹೋಯಿತು. ‘ಇದು ನಮ್ಮಜ್ಜಿ ಹೇಳ್ತಿದ್ದ ಹಾಡು’ ಎಂದು ಅವರ ಎದುರಿಗೇ ಹೇಳುವವರಿದ್ದರು. ಆ ಅಜ್ಜಿ ಸರೋಜಕ್ಕನಿಗಿಂತ ಎರಡು ವರ್ಷ ಚಿಕ್ಕವಳು.

ಈಗ, ಅರವತ್ತು ದಾಟಿದ ಮೇಲೆ, ಸರೋಜಕ್ಕ ಒಬ್ಬರೇ ಹಾಡಿದ ಮೊದಲ ಆಲ್ಬಂ ಹೊರಬರುವುದಿತ್ತು. ಮಡಿಕೇರಿಯಲ್ಲಿ ಟೈಲರ್ ಅಂಗಡಿಯ ಮೇಲೆ ಮಿಲನ್ ಎಂಬವನ ಸ್ಟುಡಿಯೋ. ರೆಕಾರ್ಡಿಂಗ್ ಎಲ್ಲ ಮುಗಿದು, ಮುಖಪುಟದಲ್ಲಿ ‘ಸಾಹಿತ್ಯ’ ಎಂಬ ಪದದ ಮುಂದೆ ಏನು ಹಾಕುವುದೆಂಬುದೊಂದೇ ಬಾಕಿ.

“ಸಾಂಪ್ರದಾಯಿಕ ಅಂತ ಹಾಕು ಮಿಲನ್,” ಎಂದರು ಸರೋಜಕ್ಕ.

ಅವರನ್ನು ಜೀಪಿನಲ್ಲಿ ಕರೆತಂದಿದ್ದ ಮೈದುನ ತೀರ್ಥಪ್ರಸಾದ್‌ಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ಮೇಳಕ್ಕೆ ಹಾರ್ಮೋನಿಯಂ ಅವನದು. ಒಂದೊಂದು ಹಾಡೂ ಅತ್ತಿಗೆಯ ಬಾಯಲ್ಲಿ ಹುಟ್ಟಿದ್ದನ್ನು ಕೇಳಿದವನು.

“ಅತ್ತಿಗೆ, ಅಷ್ಟನ್ನೂ ಕಟ್ಟಿದ್ದು ನೀವಲ್ವಾ?”

“ಊರೆಲ್ಲ ಹಾಡ್ತದೆ ತೀರ್ಥ. ಈಗ ಹೋಗಿ ನಂದು ಅಂದ್ರೆ, ಮುದುಕಿಗೆ ಹೆಸ್ರಿನ ಹುಚ್ಚು ಹತ್ತಿತು ಅಂತಾರೆ. ನಂಗೆ ನಾಳೆಯೂ ಅವ್ರ ಮದುವೇಲಿ ಊಟಕ್ಕೆ ಕೂರ್ಲಿಕೆ ಉಟ್ಟು ಮಾರಾಯ.”

ಮನೆಯವರೊಡನೆ ಆಡುವಾಗ ಅವರ ‘ಉಂಟು’ ಯಾವಾಗಲೂ ‘ಉಟ್ಟು’. ಮಾತು ಹಾಗಿತ್ತು. ಆದರೆ ಮುಖಪುಟದ ಚಿತ್ರದಲ್ಲಿ ಹೆಸರಿಗೆಂದು ಬಿಟ್ಟಿದ್ದ ಖಾಲಿ ಜಾಗವನ್ನು ಅವರ ಹೆಬ್ಬೆರಳು ಒಮ್ಮೆ ಮೆಲ್ಲಗೆ ಸವರಿದ್ದು ತೀರ್ಥಪ್ರಸಾದ್‌ಗೆ ಕಂಡಿತು. ಬುದ್ಧಿ ಹೇಳಿ ಒಪ್ಪಿಸಬಹುದಾದ ಹೆಂಗಸಲ್ಲ. ಸಿಟ್ಟು ಬರಿಸಿದರೆ ಆದೀತು. ಅವನು ಮಿಲನ್‌ಗೆ ಕಣ್ಣು ಹೊಡೆದು, ಮೇಜಿನ ಮೇಲಿದ್ದ ಸ್ಟುಡಿಯೋದ ಇನ್ನೊಂದು ಫೋನನ್ನು ಜೇಬಿಗಿಳಿಸಿ, ಜೀಪಿನ ಟಯರ್ ನೋಡಿ ಬರುತ್ತೇನೆಂದು ಮೆಟ್ಟಿಲಿಳಿದ.

ಪಂಚಾಯಿತಿ ಪಿ.ಡಿ.ಓ.ಯಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಯಾರ ದನಿಯನ್ನಾದರೂ ತೆಗೆಯುವ ಗಂಟಲು ಅವನದು. ಜೀಪಿಗೊರಗಿ, ಆ ಫೋನಿನಿಂದ ಅತ್ತಿಗೆಗೆ ಕರೆ ಮಾಡಿ, ಎರಡು ಬೆರಳಲ್ಲಿ ಮೂಗು ಹಿಡಿದ. ಮೈಸೂರಿನ ಜಾನಪದ ವಿದ್ವಾಂಸ ಪ್ರೊಫೆಸರ್ ದೇವರಾಜು ಆ ಕ್ಷಣದಲ್ಲಿ ಜನಿಸಿದರು.

“ನಮಸ್ಕಾರ ತಾಯೀ. ತಮ್ಮ ಆಲ್ಬಂ ಬರುತ್ತಿದೆಯೆಂದು ತಿಳಿಯಿತು. ಅದರಲ್ಲಿ ಹಾಲುವಾಣದ ಹಾಡಿದೆಯಲ್ಲ, ಅದು ಮುನ್ನೂರು ವರ್ಷ ಹಳೆಯದು. ತಾವು ಅದಕ್ಕೆ ಸ್ವಂತ ಹೆಸರು ಹಾಕಿಕೊಳ್ಳುತ್ತಿಲ್ಲ ತಾನೆ?”

ಈಗ ಸಿಡಿಯುತ್ತಾರೆ ಎಂದು ಅವನು ಫೋನನ್ನು ಕಿವಿಯಿಂದ ತುಸು ದೂರ ಹಿಡಿದ.

“ಇಲ್ಲ ಸಾರ್,” ಎಂದಿತು ಅತ್ತಿಗೆಯ ದನಿ, ಶಾಲೆಯ ಹುಡುಗಿಯಂತೆ. “ಸಾಂಪ್ರದಾಯಿಕ ಅಂತ್ಲೇ ಹಾಕ್ಸಿದ್ದೇನೆ.”

“ಮುನ್ನೂರಲ್ಲ, ಐನೂರೇ ಇರಬಹುದು.”

“ಇರ್ಬಹುದು ಸಾರ್. ಓದಿದವ್ರು ನೀವು.”

ತೀರ್ಥಪ್ರಸಾದ್‌ಗೆ ಮೂಗಿನ ಜೊತೆ ಮನಸ್ಸೂ ಕಟ್ಟಿತು. ಹೆಸರನ್ನು ಹೀಗೆ ಹೂವೆತ್ತಿದಂತೆ ಎತ್ತಿ ಕೊಟ್ಟುಬಿಡುವುದೇ? ಇನ್ನೊಂದು ಮಾತಿಗೆ ಫೋನ್ ಇಡುತ್ತಾರೆ, ಮಿಲನ್ ಒಂದು ಗುಂಡಿ ಒತ್ತುತ್ತಾನೆ, ಅಲ್ಲಿಗೆ ಮುಗಿಯಿತು. ತೋಚಿದ್ದನ್ನು ಹೇಳಿದ.

“ಆದರೆ ತಾಯೀ, ತಾವು ಅದನ್ನು ತಪ್ಪಾಗಿ ಹಾಡುತ್ತೀರಿ.”



“ಎಲ್ಲಿ ತಪ್ಪು?” ಎಂಬ ಪ್ರಶ್ನೆ ಬಂದಾಗ ಅದರಲ್ಲಿ ‘ಸಾರ್’ ಇರಲಿಲ್ಲ.

“ಮೂಲದಲ್ಲಿ ಹಾಲುವಾಣದ ಮರವೂ ಇಲ್ಲ, ಅದಕ್ಕೆ ಹಬ್ಬುವ ಮೆಣಸೂ ಇಲ್ಲ. ಮಾವಿನ ಮರಕ್ಕೆ ಮಲ್ಲಿಗೆ ಬಳ್ಳಿ.”

“ಮಾವಿನ ಮರಕ್ಕೆ ಮಲ್ಲಿಗೆ ಹಬ್ಬಿಸಿದ ಪುಣ್ಯಾತ್ಮ ಯಾರದು?”

“ಅದು ಕಾವ್ಯ, ತಾಯೀ.”

“ಕಾವ್ಯ ಬರೆಯುವವ್ರು ತೋಟಕ್ಕೆ ಇಳೀಬಾರ್ದು ಅಂತ ಉಂಟಾ? ಹಾಲುವಾಣಕ್ಕೆ ಮುಳ್ಳುಂಟು. ಮೆಣಸಿನ ಬಳ್ಳಿ ಆ ಮುಳ್ಳಿನ ನಡುವೆಯೇ ಹತ್ತೋದು. ‘ಮುಳ್ಳು ನೋಡಿ ಹತ್ತು ಬಳ್ಳಿ, ಹತ್ತಿದ ಮೇಲೆ ಮುಳ್ಳೇ ಮೆಟ್ಟಿಲು.’ ಆ ಮುಳ್ಳು ಕಿತ್ತು ಬಿಸಾಡಿದ್ರೆ ಹಾಡಲ್ಲಿ ಎಂಥ ಉಳೀತದೆ, ಉಪ್ಪಿನಕಾಯಿಯಾ?”

ಕೆಳಗೆ ತೀರ್ಥಪ್ರಸಾದ್‌ನ ಮುಖ ಅರಳಿತು. ಪ್ರೊಫೆಸರರು ಮಾತ್ರ ಗಂಭೀರವಾಗಿಯೇ ಇದ್ದರು. “ಇಷ್ಟು ಖಚಿತವಾಗಿ ತಾವು ಹೇಗೆ ಹೇಳುತ್ತೀರಿ?”

“ಕಟ್ಟಿದ್ದು ನಾನು, ಅದ್ಕೆ. ನನ್ನ ಹಾಡು ನಂಗೆ ಗೊತ್ತಿಲ್ವಾ? ನನ್ನ ಮೈದುನನ ಮದುವೆಗೆ ಕಟ್ಟಿದ್ದು. ಹೊಸ ಹುಡುಗಿ ಶರ್ಮಿಳಾ, ಪಾಪ, ನಮ್ಮ ಹೊಸಿಲ ಮುಂದೆ ನಡುಗ್ತಾ ನಿಂತಿತ್ತು. ನೋಡ್ಕೊಂಡು ಕಾಲಿಡು ಕೂಸೇ ಅಂತ ಎಲ್ಲರೆದ್ರು ಹೇಳ್ಲಿಕೆ ಆಗ್ತದಾ? ಹಾಡಲ್ಲಿ ಹೇಳಿದೆ. ಆ ಮುಳ್ಳು ಯಾರು ಗೊತ್ತುಂಟಾ ನಿಮ್ಗೆ? ನನ್ನ ಅತ್ತೆ.”

“ಎಂಥ, ನಮ್ಮವ್ವನಾ?”

ಬಾಯಿಂದ ಬಿದ್ದಮೇಲೆ ಅದು ತನ್ನದೇ ದನಿಯೆಂದು ತೀರ್ಥಪ್ರಸಾದ್‌ಗೆ ತಿಳಿಯಿತು. ಕೈ ಮೂಗು ಬಿಟ್ಟು ಯಾವಾಗಲೋ ಎದೆಯ ಮೇಲೆ ಬಂದು ಕೂತಿತ್ತು. ಹುಟ್ಟಿದಷ್ಟೇ ಬೇಗ ಪ್ರೊಫೆಸರರು ತೀರಿಕೊಂಡಿದ್ದರು.

ಮೇಲೆ ಕಿಟಕಿ ತೆರೆಯಿತು. ಕಿವಿಗೆ ಫೋನ್ ಹಿಡಿದುಕೊಂಡೇ ಸರೋಜಕ್ಕ ಕೆಳಗೆ ಬಗ್ಗಿ ನೋಡಿದರು.

“ಪ್ರೊಫೆಸರ್ರೇ, ಮೈಸೂರು ಇಷ್ಟು ಹತ್ರ ಉಟ್ಟಾ?”

“ಅತ್ತಿಗೆ, ಅದಿರ್ಲಿ. ಅವ್ವನ ಬಗ್ಗೆ ಕಟ್ಟಿದ್ದಾ ಅದು? ಅದಕ್ಕೆ ಅಷ್ಟು ವರ್ಷ ನಾನೇ ಹಾರ್ಮೋನಿಯಂ ಬಾರಿಸಿದ್ದಾ?”

“ನೀನು ಬಾರಿಸಿದ್ದು ಬಿಡು. ಒಂದೊಂದು ಮದುವೇಲೂ ಮುಂದಿನ ಚಾಪೇಲಿ ಕೂತು, ‘ಸರೋಜ, ಆ ಮುಳ್ಳಿನದ್ದು ಇನ್ನೊಮ್ಮೆ ಹೇಳು, ಚಂದ ಉಟ್ಟು’ ಅಂತ ಕೇಳ್ತಾ ಇದ್ದದ್ದು ಯಾರು?”

ತೀರ್ಥಪ್ರಸಾದ್‌ಗೆ ಅವ್ವ ತಲೆದೂಗುತ್ತಿದ್ದುದು ಕಣ್ಣಿಗೆ ಕಟ್ಟಿತು. ಹಾಡಿನ ಕೊನೆಗೆ ಸೊಸೆಯರಿಬ್ಬರನ್ನೂ ಹೆಮ್ಮೆಯಿಂದ ನೋಡುತ್ತಿದ್ದಳು. ಮೋಸ ಹೋದವರು ಯಾರೆಂದು ಲೆಕ್ಕ ಹಾಕುವುದನ್ನು ಬಿಟ್ಟು ಅವನು ಸೋತವನಂತೆ ಜೀಪಿನ ಬಾನೆಟ್ ಮೇಲೆ ಕೂತ.

“ಮಿಲನ್,” ಎಂದು ಸರೋಜಕ್ಕ ಒಳಕ್ಕೆ ತಿರುಗಿ ಹೇಳಿದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. “ಅಳ್ಸು ಆ ಸಾಂಪ್ರದಾಯಿಕ ಅನ್ನೋದನ್ನ. ನನ್ನ ಹೆಸ್ರು ಹಾಕು. ದಪ್ಪಕ್ಷರದಲ್ಲೇ ಇರ್ಲಿ. ಊರವ್ರು ಕೇಳಿದ್ರೆ, ದೊಡ್ಡ ಪ್ರೊಫೆಸರ್ ಎದ್ರೇ ವಾದಿಸಿ ಗೆದ್ದದ್ದು ಅಂತೇನೆ.”

ಮಿಲನ್ ಕಿಸಕ್ಕೆಂದ. ಟೈಲರ್ ಹೊರಬಂದು, ವಿಷಯ ಗೊತ್ತಿಲ್ಲದೆ ನಕ್ಕ. ಬಾನೆಟ್ ಮೇಲಿದ್ದ ತೀರ್ಥಪ್ರಸಾದ್‌ಗೂ ತಡೆಯಲಾಗಲಿಲ್ಲ. ಅಷ್ಟರಲ್ಲಿ ಕಿಟಕಿಯ ಚೌಕಟ್ಟು ಹಿಡಿದುಕೊಂಡು, ಮೂವತ್ತು ವರ್ಷ ಮೈಕಿಲ್ಲದೆ ಹಾಡಿದ ಗಂಟಲಿನಲ್ಲಿ ಸರೋಜಕ್ಕ ನಗತೊಡಗಿದರು. ಫೋನಿನಲ್ಲೊಮ್ಮೆ, ನೆತ್ತಿಯ ಮೇಲಿಂದೊಮ್ಮೆ ಕೇಳಿದ ಆ ನಗುವಿನಲ್ಲಿ ಉಳಿದವರದೆಲ್ಲ ಮುಳುಗಿಹೋಯಿತು.