ಹನ್ನೊಂದನೇ ತಿರುವು

ಸರಪಳಿ ಕಚಕಚ ಅನ್ನುತ್ತಿದೆ, ಎಣ್ಣೆ ಕೇಳುತ್ತಿದೆ, ಕೊಡುವ ಹೊತ್ತಲ್ಲ ಇದು, ಎಡಗಡೆಯ ಬಿಳಿ ಕಲ್ಲು ಹಿಂದಾಯಿತು ಅಂದರೆ ಇನ್ನು ಆರು ಕಿಲೋಮೀಟರು, ಈ ಹಳೇ ಕಡಿದಾದ ದಾರಿಯಲ್ಲಿ ಬೆಟ್ಟದ ನೆತ್ತಿಗೆ ಒಟ್ಟು ಒಂಬತ್ತು, ಮೂರೇ ಮುಗಿದಿದೆ, ಆಗಲೇ ಉಸಿರು ಗಂಟಲಲ್ಲಿ ಮುಳ್ಳಾಗಿದೆ — ಗಂಟೆ ಎಂಟೂ ಹತ್ತು, ತಂಗಿ ಆರಕ್ಕೇ ಹೊರಟಿದ್ದಾಳೆ, ಸುತ್ತು ದಾರಿ, ನಲವತ್ತು ಕಿಲೋಮೀಟರು, ಮೆಲ್ಲಗೆ ಏರುವ ದಾರಿ, ಒಂಬತ್ತಕ್ಕೆ ನೆತ್ತಿ ಮುಟ್ಟುತ್ತಾಳೆ, ಬಾಟಲಿಗೆ ನೀರು ತುಂಬಿಕೊಳ್ಳುತ್ತಾಳೆ, ಹತ್ತು ನಿಮಿಷ ಕೂರುತ್ತಾಳೆ, ಕೂರಲಿ, ದೇವರೇ ಇವತ್ತೊಂದು ದಿನ ಅವಳು ಸೋಮಾರಿಯಾಗಲಿ, ಆಮೇಲೆ ಆ ಕಡೆಯ ಇಳಿಜಾರು ಶುರು, ಮೊದಲನೇ ತಿರುವು, ಎರಡನೇ ತಿರುವು — ಬೇಡ, ಎಣಿಸಬೇಡ, ತುಳಿ. ಹೀಗೆ ಏದುಸಿರಲ್ಲಿ ತುಳಿಯುತ್ತಿರುವ ಈ ಅಕ್ಕ ಊರಿಗೆಲ್ಲ ಹಾದಿಯಕ್ಕ, ಸೈಕಲ್ ಅಂಗಡಿಯ ಹಾದಿಯಕ್ಕ, ಈ ಬೆಟ್ಟಸಾಲಿನ ಇಪ್ಪತ್ತೆರಡು ದಾರಿಗಳ ಪುಸ್ತಕ ಬರೆದವಳು, ಎಲ್ಲಿ ನಲ್ಲಿಯಿದೆ, ಎಲ್ಲಿ ನಾಯಿ ಅಟ್ಟಿಸಿಕೊಂಡು ಬರುತ್ತದೆ, ಯಾವ ಏರಿನಲ್ಲಿ ಮಾತು ನಿಲ್ಲಿಸಬೇಕು, ಎಲ್ಲ ಅದರಲ್ಲಿದೆ, ಜನ ಅದನ್ನು ಅಂಗಿಯ ಹಿಂದಿನ ಕಿಸೆಯಲ್ಲಿಟ್ಟುಕೊಂಡು ಬೆವರಲ್ಲಿ ನೆನೆಸಿ ತಂದು ತೋರಿಸುತ್ತಾರೆ, ನೋಡಿ ಹಾದಿಯಕ್ಕ, ನೀವು ಬರೆದ ಹಾಗೇ ಇತ್ತು, ಒಂದು ಗುಂಡಿ ಹೆಚ್ಚಿಲ್ಲ ಒಂದು ಗುಂಡಿ ಕಮ್ಮಿಯಿಲ್ಲ. ಏಳನೇ ದಾರಿ, ನಲವತ್ತಮೂರನೇ ಪುಟ, ಹನ್ನೊಂದನೇ ತಿರುವು ಅಗಲವಾದದ್ದು, ಉದಾರವಾದದ್ದು, ಇಲ್ಲಿ ಬ್ರೇಕಿಗೆ ಕೆಲಸವಿಲ್ಲ. ಆ ವಾಕ್ಯ ಬರೆದ ದಿನ ತನಗೇ ಎಷ್ಟು ಹಿಡಿಸಿತ್ತು, ಗಂಡನಿಗೆ ಎರಡು ಸಲ ಓದಿ ಹೇಳಿದ್ದಳು, ಅವನು ತಟ್ಟೆಯಿಂದ ತಲೆಯೆತ್ತದೆ ಚೆನ್ನಾಗಿದೆ ಬಿಡು ಅಂದಿದ್ದ. ಇವತ್ತು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಬಸ್ ಡ್ರೈವರು ಮಗಳ ಪಂಕ್ಚರ್ ಸೈಕಲ್ಲು ತಳ್ಳಿಕೊಂಡು ಬಂದು ನಿಂತಿದ್ದ, ಈ ವಾರ ಆ ಕಡೆ ಬಸ್ಸು ಓಡಿಸ್ತಾ ಇದೀನಿ ಹಾದಿಯಕ್ಕ, ಆ ಹನ್ನೊಂದನೇ ತಿರುವು ಸಾಕಪ್ಪಾ ಸಾಕು, ಕಳೆದ ವರ್ಷ ಗೋಡೆ ಕುಸೀತಲ್ಲ, ರಸ್ತೇನ ಒಳಕ್ಕೆ ಒತ್ತಿದಾರೆ, ಈಗ ಮೊಣಕೈ ಮಡಚಿದ ಹಾಗಿದೆ, ಹೊರಗಡೆ ತಡೆಗೋಡೆನೂ ಕಟ್ಟಿಲ್ಲ, ನಿಮಗೆ ಗೊತ್ತೇ ಇರುತ್ತೆ ಬಿಡಿ, ಪುಸ್ತಕದಲ್ಲಿ ಏನಂತ ಬರೆದಿದೀರ? ಏನಂತ ಬರೆದಿದ್ದೀಯ, ಹೇಳು, ಕೈಯಲ್ಲಿದ್ದ ಬೀಗದ ಕೈ ಬಾಗಿಲಲ್ಲೇ ಉಳಿಯಿತು, ತಂಗಿಗೆ ಫೋನು, ಸಿಗುತ್ತಿಲ್ಲ, ಎರಡನೇ ಹಳ್ಳಿ ದಾಟಿದರೆ ಸಿಗುವುದೇ ಇಲ್ಲ, ಅದೂ ಪುಸ್ತಕದಲ್ಲಿದೆ, ಅದು ಮಾತ್ರ ನಿಜ, ಕಾರಿನಲ್ಲಿ ಹೋದರೆ ಸುತ್ತು ದಾರಿಯೇ ಗತಿ, ಅವಳ ಹಿಂದೆಯೇ ಓಡಿದಂತೆ, ಹಳೇ ದಾರಿಯ ಕಿರುಸೇತುವೆಗೆ ಅಡ್ಡ ಕಂಬ ನೆಟ್ಟಿದ್ದಾರೆ, ಅಲ್ಲಿ ನುಸುಳುವುದು ಸೈಕಲ್ಲೊಂದೇ.

ತುಳಿ, ತೊಡೆ ಉರಿಯಲಿ, ಉರಿಯುವುದಕ್ಕೇ ಇರುವುದು ತೊಡೆ, ಏರಿಗೆ ಅವಳು ಯಾವತ್ತೂ ಹೆದರಿದವಳಲ್ಲ, ಏರು ಅಂದರೆ ಲೆಕ್ಕ, ಬೆವರು ಕೊಟ್ಟರೆ ಎತ್ತರ ಸಿಗುತ್ತದೆ, ಇಳಿಜಾರೇ ಬೇರೆ. ಮೂರು ವರ್ಷದ ಹಿಂದೆ, ಏನೂ ಆಗಿರಲಿಲ್ಲ, ಅದೇ ವಿಚಿತ್ರ, ಬಿದ್ದಿರಲಿಲ್ಲ, ಯಾರೂ ಸತ್ತಿರಲಿಲ್ಲ, ಒಳ್ಳೆಯ ಬಿಸಿಲು, ಒಣ ರಸ್ತೆ, ಸಾವಿರ ಸಲ ಇಳಿದ ಇಳಿಜಾರು, ನಡುವೆ ಎಲ್ಲೋ ಎರಡೂ ಕೈ ಬ್ರೇಕಿನ ಮೇಲೆ ಕಲ್ಲಾದವು, ಬೆರಳು ತನ್ನದಲ್ಲ ಅನ್ನುವ ಹಾಗೆ, ಸೈಕಲ್ಲಿಂದಿಳಿದು ತಳ್ಳಿಕೊಂಡು ನಡೆದಳು, ಐವತ್ತು ತುಂಬಿದ ಹಾದಿಯಕ್ಕ ಇಳಿಜಾರಿನಲ್ಲಿ ಎಮ್ಮೆಯ ಹಾಗೆ ನಡೆದಳು, ಎದುರಿಗೆ ಸಿಕ್ಕವನು ಬ್ರೆಡ್ಡು ಹಾಕುವ ವ್ಯಾನಿನವನು, ಏನಮ್ಮಾ ಗಾಳಿ ಹೋಯ್ತಾ? ಹೂಂ ಗಾಳಿ ಹೋಯ್ತು. ಚಕ್ರ ಒತ್ತಿ ನೋಡಿದ, ಗಟ್ಟಿಯಾಗೇ ಇತ್ತು, ಸೈಕಲ್ಲನ್ನು ಬ್ರೆಡ್ಡಿನ ಟ್ರೇಗಳ ಪಕ್ಕಕ್ಕೆ ಎತ್ತಿಟ್ಟ. ಆಮೇಲೆ ಅದೇ ಅಭ್ಯಾಸವಾಯಿತು, ಸೈಕಲ್ಲಲ್ಲಿ ಹತ್ತುವುದು, ವ್ಯಾನಿನಲ್ಲಿ ಇಳಿಯುವುದು, ಸುಳ್ಳಿಗೆ ಕಾಲಿಲ್ಲ ಅಂತಾರೆ, ಅವಳ ಸುಳ್ಳಿಗೆ ನಾಲ್ಕು ಚಕ್ರವಿತ್ತು, ಕಿಟಕಿಯಿಂದ ನೋಡಿ ನೋಡಿ ಬರೆದುಕೊಂಡಳು, ಒಂದು ಗುಂಡಿ ಬಿಡದೆ. ಈ ವರ್ಷ ಏಳನೇ ದಾರಿ ಬರೆಯುವಾಗ ಮಾತ್ರ ವ್ಯಾನು ಇರಲಿಲ್ಲ, ಆ ಕಡೆ ಬ್ರೆಡ್ಡು ಕೊಳ್ಳುವವರಿಲ್ಲಮ್ಮಾ ಅಂದಿದ್ದ, ನೆತ್ತಿಯಲ್ಲಿ ಅರ್ಧ ಗಂಟೆ ನಿಂತು ಕೆಳಗೆ ನೋಡಿದಳು, ರಸ್ತೆ ರಿಬ್ಬನ್ನಿನ ಹಾಗೆ ಮಡಚಿ ಮಡಚಿ ಬಿದ್ದಿತ್ತು, ದೂರದ ಬೆಟ್ಟ ನುಣ್ಣಗೆ ಅನ್ನುವಂತೆ ಮೇಲಿಂದ ಎಲ್ಲ ತಿರುವೂ ಸಾಧುವೇ, ಹಿಂದಿರುಗಿ ಬಂದು ಎಂಟು ವರ್ಷದ ಹಳೇ ನೋಟುಪುಸ್ತಕ ತೆಗೆದು ಅದರಿಂದಲೇ ಬರೆದಳು — ರಸ್ತೆ ಎಲ್ಲಿಗೆ ಹೋಗುತ್ತದೆ, ಇದ್ದಲ್ಲೇ ಇರುತ್ತದೆ ಅಂದುಕೊಂಡಳು. ತಂಗಿ ಸೈಕಲ್ಲು ಹತ್ತಿದ್ದು ಕಳೆದ ವರ್ಷವಷ್ಟೇ, ನಲವತ್ತೆರಡರಲ್ಲಿ, ದಿನವಿಡೀ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ನಿಂತು ಕಾಲು ಬಾತುಹೋಗ್ತಿದೆ ಅಂತ, ಇವತ್ತು ಅವಳ ಮೊದಲ ಬೆಟ್ಟ, ಜೊತೆಗೆ ಬ್ಯಾಂಕಿನವಳು, ಲೆಕ್ಕದ ಮೇಷ್ಟ್ರು. ನಿನ್ನೆ ಸಂಜೆ ಕೇಳಿದಳಲ್ಲ, ನೀನೂ ಬಾರೇ ಅಕ್ಕ, ನೀನು ಮುಂದಿದ್ರೆ ನನಗೆ ಧೈರ್ಯ. ಮೊಣಕಾಲು ನೋವು ಕಣೇ. ಸರಿ ಬಿಡು, ನಿನ್ನ ಪುಸ್ತಕ ಇದೆಯಲ್ಲ, ಅದೇ ನೀನು. ಅದೇ ನೀನು ಅಂದಳು, ನಗುತ್ತಾ ಅಂದಳು, ಬ್ರೇಕಿಗೆ ಕೆಲಸವಿಲ್ಲ, ಬ್ರೇಕಿಗೆ ಕೆಲಸವಿಲ್ಲ, ಪೆಡಲಿನ ಪ್ರತಿ ಸುತ್ತೂ ಅದನ್ನೇ ಹೇಳುತ್ತಿದೆ.

ನೆತ್ತಿ. ಗಾಳಿ ಒಮ್ಮೆಗೇ ಮುಖಕ್ಕೆ ಹೊಡೆಯಿತು, ತಂಗುದಾಣ, ನಲ್ಲಿ, ನಲ್ಲಿಯ ಸುತ್ತ ನೆಲ ಒದ್ದೆ, ಯಾರೂ ಇಲ್ಲ, ಇಲ್ಲ, ತಂಗುದಾಣ ಗುಡಿಸುವ ಹೆಂಗಸು ಪೊರಕೆ ಹಿಡಿದು ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಾಳೆ, ಮೂರು ಜನ, ಮಾತು ಸರಿಯಾಗಿ ಹೊರಡುತ್ತಿಲ್ಲ, ಮೂರು ಜನ ಸೈಕಲ್ಲು, ಹಳದಿ ಅಂಗಿ. ಈಗ ಹೋದ್ರಲ್ಲ, ಐದು ನಿಮಿಷ ಆಗಿಲ್ಲ, ಆ ಹಳದಿ ಅಂಗಿಯಮ್ಮ ಪುಸ್ತಕ ಓದಿ ಹೇಳ್ತಾ ಇದ್ರು ಮಿಕ್ಕಿದೋರಿಗೆ, ನಮ್ಮಕ್ಕ ಬರೆದಿದ್ದು ಅಂತ ನನಗೂ ತೋರಿಸಿದ್ರು, ನೀರು ಕುಡೀರಿ, ಮುಖ ಹಾಗ್ಯಾಕಿದೆ? ಐದು ನಿಮಿಷ, ಐದು ನಿಮಿಷದಲ್ಲಿ ಎಷ್ಟು ತಿರುವು, ಕೂಗಲೇ, ಗಂಟಲು ಹರಿಯುವ ಹಾಗೆ ಹೆಸರು ಹಿಡಿದು ಕೂಗಿದಳು, ಗಾಳಿ ಅದನ್ನು ಹಿಂದಕ್ಕೇ ತಂದು ಅವಳ ಕಿವಿಗೇ ಹಾಕಿತು. ಕೆಳಗೆ ರಿಬ್ಬನ್ನು. ಮುಂದಿನ ಚಕ್ರ ಅಂಚು ದಾಟಿದರೆ ಆಯಿತು, ಆಮೇಲೆ ಅದೇ ಎಳೆದುಕೊಂಡು ಹೋಗುತ್ತದೆ, ಕೈ ನೋಡಿಕೊಂಡಳು, ಕಲ್ಲಾಗುವುದಕ್ಕೆ ಸಿದ್ಧವಾಗೇ ನಿಂತಿವೆ ಎರಡೂ, ಆಗಲಿ, ಈ ಸಲ ಕಲ್ಲಾದರೆ ಕಲ್ಲಿನ ಕೈಯಲ್ಲೇ ಇಳಿಯುತ್ತೇನೆ, ಅಯ್ಯೋ ಅಮ್ಮಾ ಮೆಲ್ಲಗೆ ಅಂತ ಹೆಂಗಸು ಹಿಂದಿನಿಂದ ಕೂಗಿದ್ದು ಅರ್ಧಕ್ಕೇ ಕತ್ತರಿಸಿಹೋಯಿತು.

ಒಂದು. ಹೊಟ್ಟೆ ಹಿಂದೆಯೇ ಉಳಿದು ಮೈಯಷ್ಟೇ ಮುಂದೆ ಹೋದಂತೆ, ಎರಡು, ಬ್ರೇಕಿನ ರಬ್ಬರು ಕಿರುಚುತ್ತಿದೆ, ಅಷ್ಟು ಹಿಡಿಯಬೇಡ, ಹಿಡಿದರೆ ತಡವಾಗುತ್ತದೆ, ಬಿಡು, ಬಿಡಲಾರೆ, ಬಿಡು, ಒಂದು ಬೆರಳು ಬಿಟ್ಟಳು, ಮೂರು ನಾಲ್ಕು, ಕಣ್ಣಲ್ಲಿ ನೀರು, ಗಾಳಿಯದೋ ಅಳುವಿನದೋ, ಬಲಕ್ಕೆ ಬಂಡೆ ಎಡಕ್ಕೆ ಆಕಾಶ, ಈಗ ಎಡಕ್ಕೆ ಬಂಡೆ, ಐದು, ಇಲ್ಲಿ ಮರಳಿದೆ, ಪುಸ್ತಕದಲ್ಲಿಲ್ಲ, ಆರು, ಇಲ್ಲಿ ಬಿರುಕಿದೆ, ಪುಸ್ತಕದಲ್ಲಿಲ್ಲ, ಏನಿದೆ ಹಾಗಾದರೆ ನಿನ್ನ ಪುಸ್ತಕದಲ್ಲಿ, ಏಳು, ಕೆಳಗಿನ ಮಡಿಕೆಯಲ್ಲಿ ಏನೋ ಹಳದಿ ಮಿಂಚಿತು, ಮಿಂಚಿತೇ, ಅವಳೇ, ನಿಲ್ಲೇ, ಏ ನಿಲ್ಲೇ, ಎರಡು ಮಡಿಕೆ ಕೆಳಗಿದ್ದಾಳೆ, ಹೇಗೆ ಹೋಗುತ್ತಿದ್ದಾಳೆ ನೋಡು, ಬೆನ್ನು ಬಗ್ಗಿಸಿ, ಹಕ್ಕಿಯ ಹಾಗೆ, ಯಾರು ಕಲಿಸಿದರು ಇವಳಿಗೆ — ಒಂದು ಕ್ಷಣ, ಅಷ್ಟರ ನಡುವೆಯೂ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು, ಹೌದು ಆಯಿತು, ಆ ಹೆದರಿಕೆಯಿಲ್ಲದ ಬೆನ್ನು ಕಂಡು, ಒಂದು ಕಾಲದಲ್ಲಿ ಅದು ತನ್ನ ಬೆನ್ನು, ಎಂಟು, ಹಳದಿ ಬಂಡೆಯ ಹಿಂದೆ ಹೋಯಿತು, ಒಂಬತ್ತು, ಬಂಡೆಯ ಆಚೆ ಈಗ ಬರಬೇಕು, ಈಗ ಬರಬೇಕು ಹಳದಿ, ಬ್ಯಾಂಕಿನವಳ ಕೆಂಪು ಬಂತು, ನಿಂತಿತು, ಮೇಷ್ಟ್ರ ನೀಲಿ ಬಂತು, ನಿಂತಿತು, ಹಳದಿ ಬರಲಿಲ್ಲ, ಹತ್ತು, ಯಾರೋ ಕಿರುಚಿದರು, ಬ್ರೇಕೋ ಮನುಷ್ಯರೋ.

ಮೊಣಕೈ ಮಡಚಿದ ಹಾಗೇ ಇದೆ, ಡ್ರೈವರು ಹೇಳಿದ ಹಾಗೇ. ಎಲ್ಲಿ ಅಂತ ಕೇಳಬೇಕಾಗಲಿಲ್ಲ, ಮೇಷ್ಟ್ರು ರಸ್ತೆಯಂಚಿನಲ್ಲಿ ಮಂಡಿಯೂರಿ ಕೆಳಗೆ ನೋಡುತ್ತಿದ್ದರು, ಮುಂದೆ ಹೋಗ್ತಾ ಇದ್ರು, ತಿರುಗಲೇ ಇಲ್ಲ, ನೇರಕ್ಕೆ ಹೋದ್ರು ಅಂದರು, ಬ್ಯಾಂಕಿನವಳು ಆಗಲೇ ಸೈಕಲ್ಲು ಹತ್ತಿ ಕೆಳಗಿನ ಹಳ್ಳಿಗೆ, ಫೋನು ಸಿಗುವ ಕಡೆಗೆ, ಆಂಬುಲೆನ್ಸ್ ಕರೆಯಲು ಹೊರಟಿದ್ದಾಳೆ. ಎರಡಾಳು ಆಳ, ಕಲ್ಲು, ಹುಲ್ಲು, ಜಾರಿಕೊಂಡು ಇಳಿದಳು, ಅಂಗೈ ಸುಲಿಯಿತು, ತಂಗಿ ಅಂಗಾತ ಮಲಗಿದ್ದಾಳೆ, ಕಣ್ಣು ತೆರೆದಿದೆ, ತೆರೆದಿದೆ, ಉಸಿರಿದೆ, ನಗುತ್ತಿದ್ದಾಳೆ, ಅಕ್ಕಾ, ನೀನ್ಹೇಗೆ ಬಂದೆ, ಹಾರ್ಕೊಂಡು ಬಂದ್ಯಾ, ಮೊಣಕಾಲು ನೋವು ಅಂದೆ. ಮಾತಾಡಬೇಡ, ಅಲ್ಲಾಡಬೇಡ, ಕುತ್ತಿಗೆ ತಿರುಗಿಸಬೇಡ. ನನ್ನದೇ ತಪ್ಪು ಅಕ್ಕ, ತಿರುವು ಎಣಿಸೋದರಲ್ಲಿ ಒಂದು ತಪ್ಪಿತು ಅನ್ಸುತ್ತೆ, ನೀನು ಸರಿಯಾಗೇ ಬರೆದಿದ್ದೆ. ಇಲ್ಲ ಕಣೇ, ನಾನು, ಪುಸ್ತಕ ಬರೆಯೋವಾಗ ಈ ದಾರೀಲಿ ಇಳಿದೇ ಇರಲಿಲ್ಲ, ಎಂಟು ವರ್ಷ ಆದ್ಮೇಲೆ ಇವತ್ತೇ ಮೊದಲು, ಅಂದಳೋ, ಅಂದುಕೊಂಡಳೋ, ತಂಗಿಯ ಮುಖದಲ್ಲಿ ಏನೂ ಬದಲಾಗಲಿಲ್ಲ, ಸೈಕಲ್ಲು ಅಷ್ಟು ದೂರ ಬಿದ್ದಿದೆ, ಬಲಗಾಲಿನ ಬೂಟು ಪೆಡಲಿನಲ್ಲೇ ಕಚ್ಚಿಕೊಂಡು ಉಳಿದಿದೆ, ಬಲಗಾಲಿಗೆ ಈಗ ಬರೀ ಬಿಳಿ ಕಾಲುಚೀಲ. ನೋವಾಗ್ತಿದೆಯಾ? ಇಲ್ಲ ಅಕ್ಕ, ಅದೇ ಆಶ್ಚರ್ಯ, ಒಂಚೂರೂ ಇಲ್ಲ. ಕಾಲು ಬೆರಳು ಅಲ್ಲಾಡಿಸು ನೋಡೋಣ. ಬಿಳಿ ಕಾಲುಚೀಲ, ಹೊಸದು, ಹೆಬ್ಬೆರಳಿನ ಮೇಲೆ ಸಣ್ಣ ನೀಲಿ ಗೆರೆ. ಅಲ್ಲಾಡಿಸು. ಅಲ್ಲಾಡಿಸ್ತಾ ಇದೀನಲ್ಲ ಅಕ್ಕ. ಇನ್ನೊಂದು ಸಲ, ಜೋರಾಗಿ. ಜೋರಾಗೇ ಅಲ್ಲಾಡಿಸ್ತಾ ಇದೀನಿ, ಕಾಣಲ್ವಾ ನಿನಗೆ? ಕಾಣುತ್ತಿದೆ, ಮಧ್ಯಾಹ್ನದಷ್ಟು ಬೆಳಕಿದೆ, ಎಲ್ಲ ಕಾಣುತ್ತಿದೆ, ಬಿಳಿ ಕಾಲುಚೀಲ, ನೀಲಿ ಗೆರೆ, ಹಿಮ್ಮಡಿಯಿಂದ ಒಂದು ಇರುವೆ ಹತ್ತುತ್ತಿದೆ, ಗೆರೆಯ ಹತ್ತಿರ ನಿಂತಿತು, ಮತ್ತೆ ಹೊರಟಿತು. ಈಗ ಕಾಣ್ತಾ ಅಕ್ಕ? ಹೂಂ, ಕಾಣ್ತು ಅಂದಳು. ಬಿಳಿ ಕಾಲುಚೀಲ. ಇರುವೆ ಬೆರಳುಗಳ ಮೇಲೆ, ಒಂದೊಂದನ್ನೇ ದಾಟುತ್ತಾ, ಯಾವ ಆತುರವೂ ಇಲ್ಲದೆ. ಬಿಳಿ ಕಾಲುಚೀಲ.