ಬೆರಳಿಗೊಂದು ಕಾಗದ

"ಥೂ! ಮೂತ್ರದ ಡಬ್ಬಿ ತೊಳೆದ ಕೈಯಲ್ಲಿ ನನ್ನ ಮುಟ್ತೀಯೇನೇ? ಹಿಂದೆ ಸರಿ!"

ಕುರ್ಚಿಯಲ್ಲಿ ಕೂತಿದ್ದ ಹೆಂಗಸು ಚಾಚಿದ್ದ ತೋಳನ್ನು ಹಾವು ಕಂಡವಳ ಹಾಗೆ ಎಳೆದುಕೊಂಡಳು. ಅರ್ಧ ಪೇಟೆಗೆ ಮನೆ ಬಾಡಿಗೆ ಕೊಟ್ಟಿದ್ದ ಗುತ್ತಿಗೆದಾರನ ಹೆಂಡತಿ. ಇದೇ ಕೈ ಡಬ್ಬಿಗಳ ಬಕೆಟ್ಟು ಹೊತ್ತು ಹೋದದ್ದನ್ನು ಅವಳು ಕಂಡಿದ್ದಳು. ಆಮೇಲೆ ಆ ಕೈ ಎರಡು ಸಲ ಸೋಪು ಹಾಕಿ ತೊಳೆದುಕೊಂಡದ್ದನ್ನು ಕಂಡಿರಲಿಲ್ಲ.

ಸಿರಿಂಜು ಹಿಡಿದು ನಿಂತವಳನ್ನು ರೋಗಿಗಳು ಕರೆಯುತ್ತಿದ್ದುದು ನೋಯಿಸದಕ್ಕ ಎಂದು. ಲ್ಯಾಬಿನ ಸಾಹೇಬ ಕರೆಯುತ್ತಿದ್ದುದು ಸೀಸೆ ಎಂದು. ಹನ್ನೊಂದು ವರ್ಷದ ಹಿಂದೆ ಸೀಸೆ ತೊಳೆಯಲು ಸೇರಿದವಳು. ರಕ್ತ ತೆಗೆಯುವ ಕೆಲಸ ಸಾಹೇಬನ ಭಾವಮೈದನದು. ಅವನ ಸರ್ಟಿಫಿಕೇಟು ಗಾಜಿನ ಚೌಕಟ್ಟಿನಲ್ಲಿ ಗೋಡೆಯ ಮೇಲಿತ್ತು. ಆದರೆ ಅವನು ಚುಚ್ಚಿದರೆ ಮಕ್ಕಳು ಬೀದಿಗೆ ಕೇಳುವಂತೆ ಅರಚುತ್ತಿದ್ದವು. ಒಂದು ದಿನ ಅಂಥ ಒಂದು ಕೂಸಿನ ಕೈಯಲ್ಲಿ ಇವಳು ನರ ಹುಡುಕಿಕೊಟ್ಟಳು. ಅಂದಿನಿಂದ ಸೂಜಿ ಇವಳದು, ರಿಪೋರ್ಟಿನ ಕೆಳಗಿನ ಸಹಿ ಅವನದು.

"ಓದಿದೋರು ಯಾರೂ ಇಲ್ವೇನ್ರೀ ಇಲ್ಲಿ?" ಎಂದು ಹೆಂಗಸು ಕೂಗಿದಳು.

ನೋಯಿಸದಕ್ಕ ಪರದೆಯ ಹಿಂದೆ ಸರಿದಳು, ಭಾವಮೈದ ಬಂದ. ಪಟ್ಟಿ ಬಿಗಿದ. ಚುಚ್ಚಿದ, ಬರಲಿಲ್ಲ. ಒಳಗೇ ಸೂಜಿ ತಿರುವಿದ, ಹೆಂಗಸು "ಅಯ್ಯೋ ಸತ್ತೆ" ಅಂದಳು. ಇನ್ನೊಂದು ಕಡೆ ಚುಚ್ಚಿದ, ಅಲ್ಲೂ ಬರಲಿಲ್ಲ.

"ಕಣ್ಮುಚ್ಚಿ ಆ ಕಡೆ ತಿರುಗಿ ಅಮ್ಮಾ, ಆಗ ನರ ಸಡಿಲ ಆಗುತ್ತೆ" ಎಂದು ಹೇಳಿ, ಪರದೆಯ ಕಡೆ ಹುಬ್ಬು ಹಾರಿಸಿದ.

ನೋಯಿಸದಕ್ಕ ಚಪ್ಪಲಿ ಬಿಟ್ಟು ಕಳ್ಳಬೆಕ್ಕಿನ ಹಾಗೆ ಬಂದಳು. ಅವಳು ನರವನ್ನು ಕಣ್ಣಲ್ಲಿ ಹುಡುಕುವವಳಲ್ಲ. ಎಡಗೈಯ ಉಂಗುರದ ಬೆರಳನ್ನು ಚರ್ಮದ ಮೇಲೆ ಇಟ್ಟು, ಮಲಗಿದ ಕೂಸನ್ನು ಮುಟ್ಟಿ ನೋಡುವ ಹಾಗೆ ಮೆಲ್ಲಗೆ ಒತ್ತಿದಳು. ಸಿಕ್ಕಿತು. ಕೊಳವೆ ತುಂಬಿತು. ಅವಳು ಪರದೆಯ ಹಿಂದೆ ಹೋದ ಮೇಲೆ ಹೆಂಗಸು ಕಣ್ಣು ಬಿಟ್ಟಳು.

"ಅಬ್ಬ! ಈ ಸಲ ಗೊತ್ತೇ ಆಗ್ಲಿಲ್ಲಪ್ಪ. ಏನಂದ್ರೂ ಓದಿದೋರ ಕೈ ಓದಿದೋರದ್ದೇ."

ಅದೇ ಸಂಜೆ ಸಾಹೇಬ ಅವಳನ್ನು ಕೋಣೆಗೆ ಕರೆಸಿದ. ಕೂರು ಅನ್ನಲಿಲ್ಲ.

"ನೋಡು ಸೀಸೆ, ಇನ್ನು ಹೀಗೆ ನಡೆಯಲ್ಲ. ಮುಂದಿನ ವರ್ಷದಿಂದ ತಪಾಸಣೆಯೋರು ಬರ್ತಾರಂತೆ. ಸರ್ಟಿಫಿಕೇಟಿಲ್ಲದೋರು ಸೂಜಿ ಮುಟ್ಟೋ ಹಾಗಿಲ್ಲ. ಮೇಲಿನ ಮಹಡೀಲಿ ನನ್ನ ಹೆಂಡತಿ ಲ್ಯಾಬ್ ಟ್ರೈನಿಂಗ್ ಸ್ಕೂಲು ತೆಗೀತಿದಾಳೆ. ಆರು ತಿಂಗಳು, ಮೂವತ್ತು ಸಾವಿರ. ಅರ್ಧ ಈಗ, ಅರ್ಧ ಆಮೇಲೆ."

"ಮೂವತ್ತಾ?"

"ಹೊರಗಡೆ ಕೇಳು, ಅರವತ್ತು ಅಂತಾರೆ. ಸರ್ಟಿಫಿಕೇಟು ಬಂದ ಮೇಲೆ ನಿನ್ನ ಒಂಬತ್ತು ಸಾವಿರ ಹದಿನೈದಾಗುತ್ತೆ. ಬೇಡ್ವಾ? ಬ್ರಷ್ ಇದೆ, ಸೀಸೆ ಇದೆ. ತಿಂಗಳಿಗೆ ಐದು ಸಾವಿರ."

ಅವಳ ಗಂಡ ಉಗ್ರಾಣದಲ್ಲಿ ಮೂಟೆ ಹೊರುವವನು. ಸೊಂಟ ಹಿಡಿದುಕೊಂಡು ಹಲಗೆಯ ಮೇಲೆ ಮಲಗಿಯೇ ಕೇಳಿಸಿಕೊಂಡ. ಅವನಿಗೆ ಅಕ್ಷರ ಬಾರದು, ಆದರೆ ಮೂಟೆಯ ಲೆಕ್ಕದಲ್ಲಿ ಯಾರೂ ಅವನಿಗೆ ಟೋಪಿ ಹಾಕಿದ್ದಿಲ್ಲ.

"ತಿಂಗಳಿಗೆ ಆರು ಜಾಸ್ತಿ. ಐದು ತಿಂಗಳಿಗೆ ಹಾಕಿದ್ದು ಕೈಗೆ ಬಂತು" ಎಂದ. "ಲೆಕ್ಕ ಸರಿಯಾಗೇ ಇದೆ ಕಣೆ. ಅದಕ್ಕೇ ನಂಗೆ ಅನುಮಾನ."

"ಅದೇನು ಹಾಗಂದ್ರೆ?"

"ಹನ್ನೊಂದು ವರ್ಷ ಬಿಡಿಕಾಸು ಜಾಸ್ತಿ ಕೇಳಿದ್ರೆ ಹಲ್ಲು ಕಡಿದೋನು ಇವತ್ತು ಆರು ಸಾವಿರ ಅಂತಾನೆ. ಬಲೆ ಬೀಸೋನು ಕಾಳು ಚೆಲ್ಲದೆ ಇರ್ತಾನಾ? ಬರೆದು ಕೊಟ್ನಾ?"

"ಬಾಯಲ್ಲಿ ಹೇಳ್ದ."

"ಬಾಯಿ! ಆ ಸರ್ಟಿಫಿಕೇಟಪ್ಪನ ಅಕ್ಕನ ಗಂಡನ ಬಾಯಿ!" ಸಾಹೇಬನ ಭಾವಮೈದನಿಗೆ ಅವನಿಟ್ಟ ಹೆಸರು ಅದು. "ನಕ್ಕರೆ ಸೊಂಟ ನೋಯುತ್ತೆ, ನಗಿಸ್ಬೇಡ."

ಅವಳು ನಗಲಿಲ್ಲ. "ದುಡ್ಡು ಹಾಳಾಗ್ಲಿ ಅನ್ನು. ಚಪ್ಪಲಿ ಬಿಟ್ಟು ಕಳ್ಳಿ ಥರ ಹೋಗಿ ಬರೋದು ಸಾಕಾಗಿದೆ ನಂಗೆ. ಎದುರಿಗೆ ಕೂತು ರಕ್ತ ತೆಗೀಬೇಕು. ನನ್ನ ಬೆರಳಿಗೊಂದು ಕಾಗದ ಬೇಕು."

ಅವನು ಕಣ್ಣೆತ್ತಿ ಸೂರು ನೋಡಿದ. ಆ ಸೂರಿಗೆ ಹೊಸ ತಗಡು ಹೊದಿಸಲೆಂದು ಇಬ್ಬರೂ ಕೂಡಿಟ್ಟದ್ದು ಹದಿನಾರು ಸಾವಿರವಿತ್ತು.

"ತಗೊಂಡ್ಹೋಗು" ಎಂದ. "ಆದ್ರೆ ಏನೇ ಕೊಟ್ರೂ ಓದಿ ನೋಡು. ಎರಡು ಸಲ ಓದು."

ಮೇಲಿನ ಮಹಡಿಯ ಸ್ಕೂಲಿನಲ್ಲಿ ಹದಿನೈದು ಸಾವಿರ ಎಣಿಸಿಕೊಂಡ ಗುಮಾಸ್ತ ರಶೀದಿ ಹರಿದುಕೊಟ್ಟ. ಹೊಸ ಬಣ್ಣದ ವಾಸನೆ, ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಒಂದು ಕಪ್ಪು ಹಲಗೆ. ಲ್ಯಾಬಿನ ಸಾಮಾನು ಒಂದೂ ಇರಲಿಲ್ಲ. ಅವಳು ಓದಿದ್ದು ಏಳನೇ ಕ್ಲಾಸು. ಅಕ್ಷರಕ್ಕೆ ಅಕ್ಷರ ಕೂಡಿಸಿ ರಶೀದಿ ಓದಿದಳು: ಕಟ್ಟಿದ ಫೀಸು ವಾಪಸ್ಸಿಲ್ಲ. ಆಮೇಲೆ ವೇಳಾಪಟ್ಟಿ ಓದಿದಳು. ಭಾನುವಾರ ಬರವಣಿಗೆ, ಸಾಹೇಬರು. ಸೋಮವಾರ ಹತ್ತರಿಂದ ಹನ್ನೆರಡು, ಕೆಳಗಿನ ಲ್ಯಾಬಿನಲ್ಲಿ ರಕ್ತ ತೆಗೆಯುವ ಅಭ್ಯಾಸ, ಹಿರಿಯ ಸಿಬ್ಬಂದಿ.

"ಈ ಹಿರಿಯ ಸಿಬ್ಬಂದಿ ಅಂದ್ರೆ ಯಾರಣ್ಣ? ಸಾಹೇಬರ ಭಾವಮೈದನಾ?"

"ಅವನಾ? ಅವನ ಹತ್ರ ಕಲಿತ್ರೆ ರೋಗಿಗಳು ಕೊಡಲಿ ಹಿಡ್ಕೊಂಡು ಬರ್ತಾರೆ." ಗುಮಾಸ್ತ ಹೊಸಬ, ಬಾಯಿ ಸಡಿಲ. "ಕೆಳಗಡೆ ಯಾರೋ ಒಬ್ಬಳು ಸೀಸೆ ಅಂತ ಇದಾಳಂತೆ. ಹನ್ನೊಂದು ವರ್ಷದ ಕೈ. ಅವಳೇ ಹೇಳಿಕೊಡೋದು. ಅವಳಿಗೇನು, ಇದಕ್ಕೆ ಬೇರೆ ಸಂಬಳಾನೂ ಕೊಡಬೇಕಿಲ್ಲ."

ಅವಳು ಪಟ್ಟಿಯನ್ನು ಎರಡನೇ ಸಲ ಓದಿದಳು.

"ಒಟ್ಟು ಎಷ್ಟು ಜನ ಸೇರಿದಾರೆ?"

"ನಿನ್ನೂ ಸೇರಿಸಿ ಇಪ್ಪತ್ತೆರಡು."

ಮೆಟ್ಟಿಲಿಳಿದು ನೇರ ಸಾಹೇಬನ ಕೋಣೆಗೆ ನುಗ್ಗಿದಳು.

"ಸಾಹೇಬ್ರೆ, ನನ್ನ ದುಡ್ಡು ಕೊಡಿ."

"ಯಾಕೆ?"

"ನಂಗೆ ಪಾಠ ಹೇಳಿಕೊಡೋಳು ನಾನೇ ಅಂತೆ. ನನ್ನ ಹತ್ರ ನಾನೇ ಕಲಿಯೋಕೆ ನಿಮಗ್ಯಾಕೆ ಮೂವತ್ತು ಸಾವಿರ?"

ಸಾಹೇಬ ನಕ್ಕ. ಪಕ್ಕದಲ್ಲಿ ಕೂತಿದ್ದ ಭಾವಮೈದನೂ ನಕ್ಕ.

"ಅಯ್ಯೋ ಪೆದ್ದಿ, ನೀನು ದುಡ್ಡು ಕೊಡೋದು ಕಲಿಯೋಕಲ್ಲ, ಕಾಗದಕ್ಕೆ."

"ಹಾಗಾದ್ರೆ ಕಲಿಸಿದ್ದಕ್ಕೆ ನಂಗೆ ಕೊಡಿ. ಇಪ್ಪತ್ತೊಂದು ಜನಕ್ಕೆ ಕಲಿಸ್ಬೇಕು ನಾನು."

"ಕೇಳಿಸ್ಕೊಂಡ್ಯಾ?" ಸಾಹೇಬ ಭಾವಮೈದನ ಕಡೆ ತಿರುಗಿದ. "ಉಚ್ಚೆ ಡಬ್ಬಿ ತೊಳೆಯೋ ಮುಂಡೇಗೆ ಮೇಡಂ ಸಂಬಳ ಬೇಕಂತೆ! ಇಪ್ಪತ್ತೊಂದು ಜನ ಕಲಿತು ಬರ್ತಾರೆ ಕಣೇ. ಅವರಲ್ಲಿ ಯಾರಾದ್ರೂ ಎಂಟು ಸಾವಿರಕ್ಕೆ ಕೈ ಕಟ್ಕೊಂಡು ನಿಲ್ತಾರೆ. ಆಗ ನಿನ್ನ ಕಾಗದದಲ್ಲಿ ಏನು ಒರೆಸ್ಕೋತೀಯೋ ಒರೆಸ್ಕೋ. ಹೋಗು, ಸೋಮವಾರ ಶುಚಿಯಾಗಿ ಬಾ."

ಹದಿನೈದು ಸಾವಿರದ ಸಂಬಳ ಎಲ್ಲಿ ಹೋಯಿತೆಂದು ಅವಳು ಕೇಳಲಿಲ್ಲ. ಗೊತ್ತಾಗಿತ್ತು.

ಸೋಮವಾರ ಹತ್ತಕ್ಕೆ ಬಿಳಿ ಕೋಟಿನ ಹುಡುಗ ಹುಡುಗಿಯರು ಲ್ಯಾಬು ತುಂಬಿದರು. ಪೇಟೆಯ ಅಂಗಡಿಯವರ, ದರ್ಜಿಗಳ, ಗಾಡಿ ಓಡಿಸುವವರ ಮಕ್ಕಳು; ಕೋಟಿನ ಮಡಿಕೆಯ ಗೆರೆ ಇನ್ನೂ ಮಾಸಿರಲಿಲ್ಲ. ಬಾಗಿಲ ಆಚೆ ಚೀಟಿ ಹಿಡಿದ ರೋಗಿಗಳು ಕತ್ತು ಚಾಚಿ ನೋಡುತ್ತಿದ್ದರು. ಸಾಹೇಬ ಗಂಟಲು ಸರಿಮಾಡಿಕೊಂಡು ಶಿಸ್ತು, ಸೇವೆ ಎಂದು ಏನೇನೋ ಹೇಳಿ, "ಈಗ ನಮ್ಮ ಹಿರಿಯ ಸಿಬ್ಬಂದಿ ತೋರಿಸ್ತಾರೆ" ಎಂದು ತಿರುಗಿದ. ಮೇಜಿನ ಹತ್ತಿರ ಯಾರೂ ಇರಲಿಲ್ಲ.

ಅವಳು ವಿದ್ಯಾರ್ಥಿಗಳ ಬೆಂಚಿನ ತುದಿಯಲ್ಲಿ ಕೂತಿದ್ದಳು. ಮಡಿಲಲ್ಲಿ ನೋಟುಪುಸ್ತಕ.

"ಏ, ಎದ್ದು ಬಾ."

"ನಾನು ಸ್ಟೂಡೆಂಟು ಸಾಹೇಬ್ರೆ. ಫೀಸು ಕಟ್ಟಿದೀನಿ."

ಯಾರೋ ಕಿಸಕ್ಕೆಂದರು. ಸಾಹೇಬ ಹತ್ತಿರ ಬಂದು ಹಲ್ಲು ಬಿಗಿಹಿಡಿದು ಪಿಸುಗುಟ್ಟಿದ: "ಬೋಸುಡಿ, ಈಗ್ಲೇ ಕೆಲಸದಿಂದ ಕಿತ್ತಾಕ್ತೀನಿ."

"ಕಿತ್ತಾಕಿ." ಅವಳು ಪಿಸುಗುಟ್ಟಲಿಲ್ಲ. "ಕೆಲಸದಿಂದ ಕಿತ್ತಾಕಬಹುದು. ಕ್ಲಾಸಿಂದ ಹೇಗೆ ಕಿತ್ತಾಕ್ತೀರಿ? ರಶೀದಿ ಇದೆ."

ಬಾಗಿಲ ಆಚೆಯ ಒಬ್ಬ ಮುದುಕ "ಇದ್ಯಾಕೆ, ನೋಯಿಸದಕ್ಕ ಅಲ್ಲಿ ಕೂತವ್ಳೆ?" ಎಂದ. ಬಿಳಿ ಕೋಟಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೂ ಹದಿನೈದು ಹದಿನೈದು ಸಾವಿರ ಕಟ್ಟಿದವರೇ.

ಸಾಹೇಬ ಭಾವಮೈದನನ್ನು ಮುಂದಕ್ಕೆ ತಳ್ಳಿದ. "ತೋರ್ಸೋ!"

"ಯಾರಿಗೆ ಚುಚ್ಚಲಿ ಭಾವಾ?"

ಅವಳು ಎದ್ದು ಹೋಗಿ ರೋಗಿಯ ಕುರ್ಚಿಯಲ್ಲಿ ಕೂತಳು. ರವಿಕೆಯ ತೋಳು ಮೇಲೆ ಸರಿಸಿ ಎಡಗೈ ಚಾಚಿದಳು. "ನಂಗೇ ಚುಚ್ಚಿ. ಕಲಿಯೋರು ಮೊದ್ಲು ನೋವು ತಿಳ್ಕೋಬೇಕು."

ಅವನು ಪಟ್ಟಿ ಬಿಗಿದ. ಚುಚ್ಚಿದ, ಬರಲಿಲ್ಲ. ಎಳೆದು ಮತ್ತೆ ಚುಚ್ಚಿದ. ಚರ್ಮದ ಕೆಳಗೆ ನೀಲಿ ಗುಬುಟು ಎದ್ದಿತು. ಅವನ ಹಣೆಯ ಬೆವರು ಅವಳ ಮೊಣಕೈ ಮೇಲೆ ತೊಟ್ಟಿಕ್ಕಿತು. ಅವಳು ಮುಖ ಕಿವುಚಲಿಲ್ಲ. ಬೆರಳಿಟ್ಟು ನರ ತೋರಿಸಲೂ ಇಲ್ಲ.

ಹಿಂದಿನ ಸಾಲಿನ ದಪ್ಪ ಕನ್ನಡಕದ ಹುಡುಗಿ ಪೆನ್ನು ಎತ್ತಿ ಕೇಳಿದಳು: "ಸಾರ್, ಎಷ್ಟು ಸಲ ಚುಚ್ಚಬೇಕು ಅಂತ ಬರ್ಕೊಳ್ಳಲಿ?"

ಸಾಹೇಬ ಬಾಗಿಲು ಹಾಕಲು ಹೋದ; ರೋಗಿಗಳು ಹೊಸ್ತಿಲ ಒಳಗೇ ನಿಂತಿದ್ದರು, ಬಾಗಿಲು ಮುಚ್ಚಲಾಗಲಿಲ್ಲ.

ಮೂರನೇ ಸಲವೂ ಸೂಜಿ ಬರಿದಾಗಿ ಹೊರಬಂತು. ಅವಳು ಎಡಗೈ ತೆಗೆದು, ಬಲಗೈ ಮೇಜಿನ ಮೇಲಿಟ್ಟಳು.

"ಇಗೋ, ಇನ್ನೊಂದಿದೆ" ಎಂದಳು. "ಅವಸರ ಬೇಡ. ಹನ್ನೆರಡು ಗಂಟೆವರೆಗೂ ಕ್ಲಾಸು."